ಯಂತ್ರಯುಗದ ಎರಡು ನಾದಗಳು: ಸಿಂಥ್-ಪಾಪ್ ಮತ್ತು ಥ್ರ್ಯಾಶ್ ಮೆಟಲ್ ಆಲ್ಬಂಗಳ ಸಮೀಕ್ಷೆ

ಇಪ್ಪತ್ತನೆಯ ಶತಮಾನದ ಎಂಟು ಮತ್ತು ಒಂಬತ್ತನೆಯ ದಶಕಗಳಲ್ಲಿ ಪಾಶ್ಚಾತ್ಯ ಜನಪ್ರಿಯ ಸಂಗೀತದಲ್ಲಿ ತಲೆಯೆತ್ತಿದ ಸಿಂಥ್-ಪಾಪ್ ಮತ್ತು ಥ್ರ್ಯಾಶ್ ಮೆಟಲ್ ಎಂಬ ಪ್ರಕಾರಗಳು ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದವುಗಳಂತೆ ತೋರುವುವು. ಆದರೆ ಇವುಗಳ ಪ್ರಧಾನ ಆಲ್ಬಂಗಳನ್ನು ಕಾಲಾನುಕ್ರಮದಲ್ಲಿ ಕೇಳುತ್ತ ಬಂದವರಿಗೆ, ಯಂತ್ರದ ನಿಷ್ಠುರವಾದ ಕಾಲನಿಯಮವನ್ನು ಸಂಗೀತಕ್ಕೆ ಒಗ್ಗಿಸಿಕೊಳ್ಳುವ ಒಂದೇ ಸಾಹಸವು ಇಲ್ಲಿ ಎರಡು ಮಾರ್ಗಗಳನ್ನು ಹಿಡಿಯಿತೆಂಬುದು ವೇದ್ಯವಾಗದಿರದು: ಸಿಂಥ್-ಪಾಪಿನವರು ಯಂತ್ರದಿಂದ ಭಾವವನ್ನು ನುಡಿಸಹೊರಟರು, ಥ್ರ್ಯಾಶಿನವರು ಮನುಷ್ಯನ ಕೈಗೇ ಯಂತ್ರದ ನಿಖರತೆಯನ್ನು ರೂಢಿಸಹೊರಟರು.

ಮೊದಲ ಮಾರ್ಗದ ಮೂಲಪುರುಷರು ಜರ್ಮನಿಯ ಡ್ಯುಸೆಲ್ಡಾರ್ಫ್ ನಗರದ ಕ್ರಾಫ್ಟ್‌ವರ್ಕ್ ತಂಡದವರು. 1970ರಲ್ಲಿ ಬಂದ ಮಿನಿಮೂಗ್, ಅಲ್ಲಿಯವರೆಗೆ ಪ್ರಯೋಗಶಾಲೆಗಳಲ್ಲಿ ಗೋಡೆಯಷ್ಟು ಸ್ಥಳವನ್ನು ಆಕ್ರಮಿಸಿದ್ದ ಸಿಂಥಸೈಜರ್ ಎಂಬ ವಿದ್ಯುನ್ಮಾನ ನಾದಯಂತ್ರವನ್ನು ಹೊತ್ತೊಯ್ಯಬಲ್ಲ ವಾದ್ಯವನ್ನಾಗಿ ಮಾಡಿತು. ಇದನ್ನು ಬಳಸಿಕೊಂಡು ಆ ತಂಡದ ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯಾನ್ ಷ್ನೈಡರ್ 1974ರ ‘ಆಟೋಬಾನ್’ ಆಲ್ಬಮಿನ ಒಂದು ಪಾರ್ಶ್ವವನ್ನು ಪೂರ್ತಿಯಾಗಿ ಹೆದ್ದಾರಿಯ ಮೋಟಾರುಪಯಣದ ವರ್ಣನೆಗೆ ಮೀಸಲಿಟ್ಟರು; 1977ರ ‘ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್’ ರೈಲಿನ ಗತಿಯನ್ನೇ ತಾಳವಾಗಿ ಮಾಡಿಕೊಂಡಿತು; 1978ರ ‘ದಿ ಮ್ಯಾನ್-ಮಷೀನ್’ ಮನುಷ್ಯ ಮತ್ತು ಯಂತ್ರಗಳ ಐಕ್ಯವನ್ನು ಶೀರ್ಷಿಕೆಯಲ್ಲಿಯೇ ಸಾರಿತು. 1979ರಲ್ಲಿ ಜಪಾನಿನ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾದ ‘ಸಾಲಿಡ್ ಸ್ಟೇಟ್ ಸರ್ವೈವರ್’ ಈ ಶೈಲಿಗೆ ವಿನೋದವನ್ನೂ, ಇಂಗ್ಲೆಂಡಿನ ಗ್ಯಾರಿ ನ್ಯೂಮನ್ ಗಿಟಾರನ್ನೇ ವರ್ಜಿಸಿ ರಚಿಸಿದ ‘ದಿ ಪ್ಲೆಷರ್ ಪ್ರಿನ್ಸಿಪಲ್’ ಏಕಾಕಿಯ ವಿಷಾದವನ್ನೂ ತಂದುಕೊಟ್ಟುವು.

ಆದರೂ ಪ್ರಯೋಗವಾಗಿದ್ದುದು ಜನಪ್ರಿಯ ಕಲೆಯಾದದ್ದು 1981ರಲ್ಲಿ. ಉಕ್ಕಿನ ನಗರವಾದ ಶೆಫೀಲ್ಡಿನ ಹ್ಯೂಮನ್ ಲೀಗ್ ತಂಡವು, ತನ್ನ ಇಬ್ಬರು ಸ್ಥಾಪಕರು ಬಿಟ್ಟುಹೋದ ಮೇಲೆ, ನಿರ್ಮಾಪಕ ಮಾರ್ಟಿನ್ ರಷೆಂಟನ ನೆರವಿನಿಂದ ಸಿದ್ಧಪಡಿಸಿದ ‘ಡೇರ್’ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿತು. ಅದೇ ವರ್ಷ ‘ಸ್ಪೀಕ್ ಅಂಡ್ ಸ್ಪೆಲ್’ ಎಂಬ ಲಘುವಾದ ಆಲ್ಬಮಿನಿಂದ ಆರಂಭಿಸಿದ ಡೆಪೆಷ್ ಮೋಡ್ ತಂಡವು, 1983ರ ‘ಕನ್‌ಸ್ಟ್ರಕ್ಷನ್ ಟೈಮ್ ಅಗೇನ್’ನಲ್ಲಿ ಲೋಹವನ್ನು ಬಡಿದ ಸದ್ದುಗಳನ್ನು ಮುದ್ರಿಸಿಕೊಂಡು ಅವುಗಳನ್ನೇ ವಾದ್ಯವಾಗಿ ಬಳಸಿತು, 1990ರ ‘ವಯೊಲೇಟರ್’ನಲ್ಲಿ ಗಿಟಾರನ್ನೂ ಸಂಕೋಚವಿಲ್ಲದೆ ಒಳಗೊಂಡು ಈ ಪ್ರಕಾರದ ಪರಿಪಾಕವನ್ನು ಮುಟ್ಟಿತು. ಆ ಆಲ್ಬಮಿನ ಅತ್ಯಂತ ಪ್ರಸಿದ್ಧ ಗೀತವಾದ ‘ಎಂಜಾಯ್ ದಿ ಸೈಲೆನ್ಸ್’, ತಂಡದ ಗೀತರಚನಕಾರ ಮಾರ್ಟಿನ್ ಗೋರ್ ಹಾರ್ಮೋನಿಯಮಿನೊಡನೆ ಹಾಡಿದ ವಿಳಂಬಗತಿಯ ರಚನೆಯಾಗಿ ಮೊದಲಾಯಿತೆಂಬುದು ಗಮನಾರ್ಹ.

ಎರಡನೆಯ ಮಾರ್ಗವಾದ ಥ್ರ್ಯಾಶ್ ಮೆಟಲ್, ಪಂಕ್ ಸಂಗೀತದ ವೇಗವನ್ನೂ ಬ್ರಿಟಿಷ್ ಹೆವಿ ಮೆಟಲಿನ ಗಿಟಾರ್ ಕೌಶಲವನ್ನೂ ಕೂಡಿಸಿಕೊಂಡು ಕ್ಯಾಲಿಫೋರ್ನಿಯದಲ್ಲಿ ಹುಟ್ಟಿ, ತರುಣರು ಅಂಚೆಯಲ್ಲಿ ಪರಸ್ಪರ ಕಳುಹಿಸಿಕೊಳ್ಳುತ್ತಿದ್ದ ಕ್ಯಾಸೆಟ್ಟುಗಳ ಮೂಲಕ ಹಬ್ಬಿತು. ಅಂಗೈಯ ಅಂಚಿನಿಂದ ತಂತಿಗಳನ್ನು ಅದುಮಿ, ಬಹುಪಾಲು ಮೀಟುಗಳನ್ನು ಕೆಳಮುಖವಾಗಿಯೇ ಹೊಡೆಯುವ ಜೇಮ್ಸ್ ಹೆಟ್‌ಫೀಲ್ಡನ ಬಲಗೈ ಮೆಟಾಲಿಕಾ ತಂಡದ ‘ಕಿಲ್ ಎಮ್ ಆಲ್’ನಲ್ಲಿ (1983) ಶಕ್ತಿಯನ್ನು ತೋರಿತಾದರೆ, ಕೋಪನ್‌ಹೇಗನ್ನಿನಲ್ಲಿ ಮುದ್ರಿತವಾದ ‘ರೈಡ್ ದಿ ಲೈಟ್ನಿಂಗ್’ (1984) ಮತ್ತು ‘ಮಾಸ್ಟರ್ ಆಫ್ ಪಪೆಟ್ಸ್’ (1986) ಆಲ್ಬಂಗಳಲ್ಲಿ ವಾಸ್ತುಶಿಲ್ಪದ ಸಮಾಹಿತ ವಿನ್ಯಾಸವನ್ನು ಪಡೆಯಿತು. ಮೆಟಾಲಿಕಾದ ಬಾಸ್ ಗಿಟಾರ್ ವಾದಕ ಕ್ಲಿಫ್ ಬರ್ಟನ್ ಅದೇ 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ಮಡಿದುದು ಆ ತಂಡಕ್ಕೆ ತುಂಬಲಾರದ ನಷ್ಟವಾಯಿತು. ಮರುತಿಂಗಳು ಬಂದ ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’, ಹಿಪ್-ಹಾಪ್ ಕ್ಷೇತ್ರದಿಂದ ಬಂದ ನಿರ್ಮಾಪಕ ರಿಕ್ ರೂಬಿನ್ ಪ್ರತಿಧ್ವನಿಯ ಅಲಂಕಾರವನ್ನೆಲ್ಲ ಕಳಚಿದ್ದರಿಂದ, ಹತ್ತು ಗೀತಗಳನ್ನು ಸುಮಾರು 29 ನಿಮಿಷಗಳಲ್ಲಿ ಮುಗಿಸುವ ಬಿಗಿಯನ್ನು ಸಾಧಿಸಿತು. ಮೆಗಾಡೆತ್‌ನ ‘ರಸ್ಟ್ ಇನ್ ಪೀಸ್’ (1990) ವಾದನಪ್ರೌಢಿಮೆಯಲ್ಲಿ ಇವೆಲ್ಲವನ್ನೂ ಮೀರಿಸಿತು.

ಈ ಎರಡು ಧಾರೆಗಳ ಭೂಗೋಳವೂ ವಿಚಾರಾರ್ಹವಾದುದು; ಎರಡೂ ಕೈಗಾರಿಕೆಯ ನಗರಗಳಲ್ಲಿ ಬೇರುಬಿಟ್ಟುವು. ‘ಪ್ಲೆಷರ್ ಟು ಕಿಲ್’ (1986) ರಚಿಸಿದ ಕ್ರಿಯೇಟರ್ ಎಂಬ ಥ್ರ್ಯಾಶ್ ತಂಡದ ಊರಾದ ಎಸ್ಸೆನ್, ಕಲ್ಲಿದ್ದಲು ಉಕ್ಕುಗಳ ರೂರ್ ಪ್ರದೇಶದ ನಗರ. ಕ್ರಾಫ್ಟ್‌ವರ್ಕಿನ ಡ್ಯುಸೆಲ್ಡಾರ್ಫ್ ಅದರ ನೆರೆಯಲ್ಲಿಯೇ ಇದೆ. ಬ್ರಜಿಲಿನ ಸೆಪುಲ್ಟುರಾ ತಂಡವೂ ಗಣಿಗಳ ಪ್ರಾಂತದ ರಾಜಧಾನಿಯಾದ ಬೆಲೊ ಹೊರಿಜಾಂಟೆಯಿಂದಲೇ ಬಂದು 1989ರಲ್ಲಿ ‘ಬಿನೀತ್ ದಿ ರಿಮೇನ್ಸ್’ ಆಲ್ಬಮನ್ನು ನೀಡಿತು. ಇನ್ನು ಭಾರತದಲ್ಲಿ 1982ರಷ್ಟು ಹಿಂದೆಯೇ ಮುಂಬಯಿಯ ಚರಣ್‌ಜಿತ್ ಸಿಂಗ್ ಹತ್ತು ರಾಗಗಳನ್ನು ಸಿಂಥಸೈಜರ್ ಮತ್ತು ತಾಳಯಂತ್ರಗಳ ಮೇಲೆ ನುಡಿಸಿ ಆಲ್ಬಂ ಮಾಡಿದರು. ಅದಕ್ಕೆ ವ್ಯಾಪಕವಾದ ಮನ್ನಣೆ ದೊರೆತದ್ದು ಮಾತ್ರ 2010ರ ಮರುಮುದ್ರಣದ ಅನಂತರ. ಥ್ರ್ಯಾಶಿನ ಕಡೆಯಿಂದ ಮೆಟಾಲಿಕಾ 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು.

1991ರಲ್ಲಿ ಅದೇ ಮೆಟಾಲಿಕಾ ತನ್ನ ಹೆಸರಿನದೇ ಆಲ್ಬಮಿನಲ್ಲಿ ಗತಿಯನ್ನು ತಗ್ಗಿಸಿ, ಗೀತಗಳನ್ನು ಸರಳಗೊಳಿಸಿ, ಅಪಾರ ಜನಪ್ರಿಯತೆಯನ್ನು ಗಳಿಸಿತು. ಆ ಹೊತ್ತಿಗೆ ಥ್ರ್ಯಾಶಿನ ಮೊದಲ ಯುಗವು ಮುಗಿದಿತ್ತು. ಈ ಸಮೀಕ್ಷೆಯಿಂದ ತೋರುವಂತೆ, ವೇಗವಾಗಲಿ ವಾದ್ಯದ ನಾವೀನ್ಯವಾಗಲಿ ತನ್ನಷ್ಟಕ್ಕೆ ಒಂದು ಆಲ್ಬಮನ್ನು ಉಳಿಸಲಾರದು. ಮೊದಲಿನಿಂದ ಕೊನೆಯವರೆಗೆ ಹರಿಯುವ ಸಂಯೋಜನೆಯ ಶಿಸ್ತು ಉಳಿಸಬಲ್ಲುದು. ಆದುದರಿಂದ ಹೊಸ ಶ್ರೋತೃಗಳು ‘ದಿ ಮ್ಯಾನ್-ಮಷೀನ್’ ಮತ್ತು ‘ಮಾಸ್ಟರ್ ಆಫ್ ಪಪೆಟ್ಸ್’ಗಳಿಂದ ಆರಂಭಿಸುವುದು ಉಚಿತ; ಆದರೆ ಬಿಡಿಗೀತಗಳನ್ನು ಆಯ್ದು ಕೇಳದೆ, ಒಂದೊಂದು ಆಲ್ಬಮನ್ನೂ ಅದರ ಕ್ರಮದಲ್ಲಿಯೇ ಪೂರ್ತಿಯಾಗಿ ಕೇಳಬೇಕು.