ಕಿತ್ತೂರಿಂದ ಬಾದಾಮಿಗೆ: ಬಂಡೆ ಏರುವವರು ನಿಲ್ಲದೆ ದಾಟುವ ಊರುಗಳು

ಗೋವಾದಿಂದ ಕಾರು, ಬುಲೆಟ್ ಹತ್ತಿ ಬಂಡೆ ಏರಲು ಹೊರಡುವ ಹುಡುಗ ಹುಡುಗಿಯರ ನಕಾಶೆಯಲ್ಲಿ ಈ ಕಡೆ ಎರಡೇ ಹೆಸರು ಇರುತ್ತವೆ: ಬಾದಾಮಿ ಮತ್ತು ಹಂಪಿ. 2003ರ ‘ಪಿಲ್‌ಗ್ರಿಮೇಜ್’ ಚಿತ್ರದಲ್ಲಿ ಅಮೆರಿಕದ ಕ್ರಿಸ್ ಶರ್ಮಾ ಹಂಪಿಯ ಗ್ರಾನೈಟ್ ಗುಂಡುಗಳನ್ನು ಏರಿದ ಮೇಲೆ ಆ ಊರು ಜಗತ್ತಿನ ಏರುಗರ ಬಾಯಲ್ಲಿ ಬಂತು. ಬಾದಾಮಿಯಲ್ಲಿ ಫ್ರಾನ್ಸಿನ ಅಲೆಕ್ಸಾಂಡರ್ ಶಾಬೋ ತೆರೆದ ‘ಗಣೇಶ’ ಎಂಬ ದಾರಿ ದೇಶದ ಅತಿ ಕಠಿಣ ಏರುದಾರಿಗಳಲ್ಲಿ ಒಂದು. ನಡುವಿನ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಅವರಿಗೆ ಚಹಾ ಕುಡಿಯುವ, ಗಾಡಿಗೆ ಎಣ್ಣೆ ಹಾಕಿಸುವ ಊರುಗಳು. ಆದರೆ ಈ ಭಾಗದಲ್ಲಿ ಬಂಡೆ ಹತ್ತುವುದು, ಹತ್ತದಂತೆ ತಡೆಯುವುದು ಎರಡೂ ಹಳೆಯ ಕಸುಬು. ಕೋಟೆಗಳನ್ನು ನೋಡಿದರೆ ಸಾಕು, ಎಲ್ಲಿ ಕಲ್ಲು ಸಿಗುತ್ತದೆ ಎನ್ನುವುದು ಗೊತ್ತಾಗುತ್ತದೆ.

ಕಿತ್ತೂರಿನಲ್ಲಿ ಏರುವಂಥ ಬಂಡೆ ಇಲ್ಲ. ಅದಕ್ಕೇ ದೇಸಾಯರು ಗೋಡೆ ಕಟ್ಟಿದರು, ಕಂದಕ ತೋಡಿದರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಈ ಕೋಟೆಯ ಮುಂದೆಯೇ ಸತ್ತ. ಡಿಸೆಂಬರ್ ಮೊದಲ ವಾರದಲ್ಲಿ ತೋಪು ತಂದ ಕಂಪನಿ ಸೈನ್ಯ ಅದೇ ಕೋಟೆಯನ್ನು ವಶಪಡಿಸಿಕೊಂಡಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಬಂಡೆ ಹುಡುಕಿ ಬಂದವರೂ ಇಲ್ಲಿ ಇಳಿದು ಒಂದು ತಾಸು ನೋಡಬೇಕು. ಮನುಷ್ಯ ಕಟ್ಟಿದ ಗೋಡೆ ಎಷ್ಟು ತಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಲೆಕ್ಕ ಬೇರೆಲ್ಲೂ ಸಿಗದು.

ಬೈಲಹೊಂಗಲ ದಾಟಿ ಎರಿಹೊಲಗಳ ನಡುವೆ ಪೂರ್ವಕ್ಕೆ ಹೋದಂತೆ ನೆಲ ಬದಲಾಗುತ್ತದೆ. ಸೊಗಲದ ಸೋಮೇಶ್ವರ ಗುಡಿಯ ಹತ್ತಿರ ನೀರು ಬಂಡೆಯಿಂದ ಧುಮುಕುತ್ತದೆ. ಮುಂದೆ ಸವದತ್ತಿಯಲ್ಲಿ ಗುಡ್ಡಗಳು ಮೇಜಿನಂತೆ ಮಟ್ಟಸವಾಗಿ, ಅಂಚು ಕಡಿದಂತೆ ನಿಂತಿವೆ. ಭೂವಿಜ್ಞಾನಿಗಳು ಇದನ್ನು ಕಲಾದಗಿ ಶಿಲಾಸಮೂಹ ಎನ್ನುತ್ತಾರೆ. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನೆಲ್ಲ ತಿರುಗಿ 1876ರಲ್ಲಿ ವರದಿ ಪ್ರಕಟಿಸಿದ. ಮರಳು ಪದರ ಪದರವಾಗಿ ಕೂತು ಗಟ್ಟಿಯಾದ ಕಲ್ಲು ಇದು. ಪದರದ ಸಂದೇ ಬೆರಳಿಗೆ ಹಿಡಿತ, ಅದರ ಅಂಚೇ ಕಾಲಿಗೆ ಮೆಟ್ಟಿಲು. ಇಲ್ಲಿ ಅಂಚನ್ನು ನಂಬಬಹುದು. ಆದರೆ ಎಲ್ಲ ಅಂಚನ್ನೂ ಅಲ್ಲ, ಸಡಿಲ ಪದರ ಹಲಗೆಯಂತೆ ಕಿತ್ತು ಬರುತ್ತದೆ.

ಸವದತ್ತಿಯನ್ನು ಆಳಿದ ರಟ್ಟರಿಗೆ ಈ ಕಲ್ಲಿನ ಬೆಲೆ ಗೊತ್ತಿತ್ತು. ಊರಿನ ದಕ್ಷಿಣಕ್ಕಿರುವ ಪರಸಗಡದಲ್ಲಿ ಗುಡ್ಡದ ಕಡಿದಾದ ಮೈಯೇ ಅರ್ಧ ಕೋಟೆ. ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆ ಗುಡ್ಡವನ್ನೇ ಸೀಳಿ ಹರಿದಿದ್ದಾಳೆ. ದಾರಿ ಬಿಡು ಎಂದು ನವಿಲು ಕೂಗಿದ್ದಕ್ಕೆ ಗುಡ್ಡ ಬಿರಿಯಿತು ಎಂಬ ಕಥೆ ಜನರಲ್ಲಿದೆ. ಇಂದು ಆ ಸೀಳಿಗೇ ಅಡ್ಡಲಾಗಿ ಅಣೆಕಟ್ಟು ನಿಂತಿದೆ. ಹಗ್ಗ ಹಿಡಿದು ಅತ್ತ ಹೋಗುವ ಆಸೆ ಬೇಡ.

ಬಂಡೆ ಏರುವ ಕಥೆಗಳಲ್ಲಿ ನನಗೆ ಇಷ್ಟವಾದದ್ದು ರಾಮದುರ್ಗದ ನೆರೆಯ ಮುಧೋಳದ್ದು. ಅಲ್ಲಿನ ಘೋರ್ಪಡೆ ಮನೆತನದ ಹಿರಿಯನೊಬ್ಬ ಬಹಮನಿ ಕಾಲದಲ್ಲಿ ಉಡಕ್ಕೆ ಹಗ್ಗ ಕಟ್ಟಿ ಬಿಟ್ಟು ಕೋಟೆ ಹತ್ತಿದ, ಹಾಗಾಗಿ ಉಡದ ಮರಾಠಿ ಹೆಸರೇ ಮನೆತನದ ಬಿರುದಾಯಿತು ಎಂಬುದು ಐತಿಹ್ಯ. ಆಳಿನ ಭಾರವನ್ನು ಉಡ ತಡೆದೀತೆ ಎಂದು ಯಾವ ಕುರಿಗಾಹಿಯನ್ನು ಕೇಳಿದರೂ ನಕ್ಕಾನು. ಆದರೂ ನಮ್ಮ ಮಾತಿನಲ್ಲಿ ಉಡದ ಹಿಡಿತ ಉಳಿದಿದೆ.

ಬಂಡೆ ಇದ್ದ ಮಾತ್ರಕ್ಕೆ ಕೋಟೆ ಉಳಿಯುವುದಿಲ್ಲ. 1858ರ ಮೇ 29ರಂದು ರಾಮದುರ್ಗದ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬ, ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದ. ನರಗುಂದದ ಗುಡ್ಡದ ಮೇಲೆ ಕಾಯುವ ಜನ ಉಳಿಯಲಿಲ್ಲ, ಕೆಲವೇ ದಿನಗಳಲ್ಲಿ ಕೋಟೆ ಬ್ರಿಟಿಷರ ಕೈಸೇರಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಬಾದಾಮಿಯ ಮಾತು ಬೇರೆ. 1786ರಲ್ಲಿ ಮರಾಠರು ಮತ್ತು ನಿಜಾಮನ ಪಡೆ ಏಣಿ ಹಾಕಿ ಕೆಳಗಿನ ಊರಿನ ಗೋಡೆ ಹತ್ತಿದರು. ಮೇಲಿನ ಕೋಟೆ ಒಳಗಿನವರು ಶರಣಾದ ಮೇಲೆಯೇ ಸಿಕ್ಕಿತು.

ಈಗ ದಾರಿಯ ಮಾತು. ಕಲ್ಲು ಕಾಯದ ತಿಂಗಳುಗಳು ನವೆಂಬರಿನಿಂದ ಫೆಬ್ರುವರಿ. ಅದೇ ಹೊತ್ತಿಗೆ ಯಲ್ಲಮ್ಮನ ಗುಡ್ಡದಲ್ಲಿ ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆ. ಚಕ್ಕಡಿ, ಟ್ರ್ಯಾಕ್ಟರ್, ಬಸ್ಸುಗಳಿಂದ ರಸ್ತೆ ತುಂಬಿರುತ್ತದೆ. ಆ ದಿನಗಳನ್ನು ಬಿಟ್ಟು ಬನ್ನಿ, ಇಲ್ಲವೇ ಜಾತ್ರೆಗೇ ಬನ್ನಿ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಹಗ್ಗ ಬಿಡುವ ಮೊದಲು ಊರವರನ್ನು ಕೇಳಿ, ಯಾವ ಬಂಡೆಯಲ್ಲಿ ಎಷ್ಟು ಹುಟ್ಟು ಇದೆ ಎಂದು ಕುರಿಗಾಹಿಗಳು ಬೆರಳು ಮಾಡಿ ತೋರಿಸುತ್ತಾರೆ.

ನನಗೆ ಚಿಂತೆ ಇರುವುದು ಡ್ರಿಲ್ ಮತ್ತು ಬೋಲ್ಟಿನದು. ಬಾದಾಮಿಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿ ಶಕ 465ರಲ್ಲಿ, ಅಂದರೆ 543ರಲ್ಲಿ, ಕೆಳಗಿನಿಂದಲೂ ಮೇಲಿನಿಂದಲೂ ಗೆಲ್ಲಲಾಗದ ಕೋಟೆ ಮಾಡಿದೆ ಎಂದು ಕೆತ್ತಿಸಿದ. ಆ ಬರಹ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1941ರಲ್ಲಿ. ನೂರಾರು ವರ್ಷ ಊರಿನ ಎದುರೇ ಇದ್ದ ಶಾಸನ ಅಷ್ಟು ತಡವಾಗಿ ಸಿಕ್ಕಿತು ಎಂದ ಮೇಲೆ ಸವದತ್ತಿ, ರಾಮದುರ್ಗದ ಯಾವ ಬಂಡೆಯೂ ಖಾಲಿ ಎಂದು ಹೇಳುವ ಧೈರ್ಯ ನನಗಿಲ್ಲ. ಕೇಂದ್ರದ ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿ ಹೇಳುತ್ತದೆ. ಸ್ಮಾರಕವೆಂದು ಪಟ್ಟಿಗೆ ಸೇರದ ಗುಡ್ಡಗಳಿಗೆ ಆ ಕಾವಲೂ ಇಲ್ಲ. ಹಾಗಾಗಿ ಈ ಊರುಗಳಲ್ಲಿ ನಿಲ್ಲುವವರು ಬೋಲ್ಟ್ ಹೊಡೆಯದೆ, ಮೇಲಿನ ಮರಕ್ಕೋ ಗಟ್ಟಿ ಗುಂಡಿಗೋ ಹಗ್ಗ ಕಟ್ಟಿ ಏರಲಿ. ಏರುವ ಮೊದಲು ಬಂಡೆಯ ಬುಡದಿಂದ ತಲೆವರೆಗೆ ಬರಹ, ಬಣ್ಣದ ಚಿತ್ರ ಇದೆಯೇ ಎಂದು ನೋಡಲಿ. ಕಂಡರೆ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ಕಳಿಸಿ, ಪಕ್ಕದ ಬಂಡೆಗೆ ಹೋಗಲಿ.