ರೊಡ್ರಿಗಸ್: ಒಂದು ಉಪನಾಮ, ಹಲವು ಗಣ್ಯರು

ಕರಾವಳಿಯ ಯಾವ ಚರ್ಚಿನ ಜ್ಞಾನಸ್ನಾನದ ದಾಖಲೆ ಪುಸ್ತಕ ತೆರೆದರೂ ರೊಡ್ರಿಗಸ್ ಎಂಬ ಉಪನಾಮ ಕಾಣಸಿಗುವುದು ಅಪರೂಪವಲ್ಲ. ಇದೇ ಹೆಸರು ಸ್ಪೇನ್ ಹಾಗೂ ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ರೊಡ್ರಿಗೆಸ್ ಎಂದು ಬಹಳ ಸಾಮಾನ್ಯವಾಗಿದೆ. ಧರ್ಮಸಭೆಯ ಚರಿತ್ರೆಯಲ್ಲಿ ಈ ಹೆಸರಿನವರು ಅನೇಕರು ಇರುವುದರಿಂದ ಒಬ್ಬರ ಜೀವನ ಚರಿತ್ರೆಯನ್ನು ಇನ್ನೊಬ್ಬರಿಗೆ ಸೇರಿಸಿಬಿಡುವ ಸಂಭವವಿದೆ. ಹಬ್ಬದ ಕರಪತ್ರ, ಕ್ರಿಸ್ತೋಪದೇಶದ ಪಾಠ, ರಸಪ್ರಶ್ನೆ ತಯಾರಿಸುವವರಿಗೆ ಉಪಯೋಗವಾಗಲೆಂದು ಪ್ರಮುಖರ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಹೆಸರಿನ ಮೂಲ

ರೊಡ್ರಿಗೆಸ್ ಎಂದರೆ 'ರೊಡ್ರಿಗೊನ ಮಗ'. ರೊಡ್ರಿಗೊ ಎಂಬುದು ಜರ್ಮನಿಕ್ ಮೂಲದ ಹೆಸರು. ಅದರಲ್ಲಿ 'ಕೀರ್ತಿ' ಮತ್ತು 'ಬಲ' ಎಂಬ ಅರ್ಥದ ಎರಡು ಪದಗಳಿವೆ. 857ರಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿ ರಕ್ತಸಾಕ್ಷಿಯಾದ ಧರ್ಮಗುರು ಸಂತ ರೊಡ್ರಿಗೊ ಈ ಹೆಸರಿನವರೇ. ಸ್ಪ್ಯಾನಿಷ್ ಭಾಷೆಯಲ್ಲಿ ಕೊನೆಯ ಅಕ್ಷರ 'ಝಡ್', ಪೋರ್ಚುಗೀಸ್ ಭಾಷೆಯಲ್ಲಿ 'ಎಸ್'. ಗೋವೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಹಿರಿಯರಿಗೆ ಬಂದದ್ದು ಪೋರ್ಚುಗೀಸ್ ರೂಪ. ಜ್ಞಾನಸ್ನಾನದ ಸಮಯದಲ್ಲಿ ದೊರೆತ ಹೆಸರಾದ್ದರಿಂದ, ಒಂದೇ ಉಪನಾಮವಿದ್ದ ಮಾತ್ರಕ್ಕೆ ರಕ್ತ ಸಂಬಂಧವಿದೆ ಎಂದು ತಿಳಿಯಬಾರದು.

ಮೂವರು ಅಲ್ಫೋನ್ಸರು

ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ಅಲ್ಫೋನ್ಸ್ (ಸ್ಪ್ಯಾನಿಷ್‌ನಲ್ಲಿ ಅಲೊನ್ಸೊ) ರೊಡ್ರಿಗೆಸ್ ಎಂಬ ಹೆಸರಿನ ಮೂವರು ಹೆಚ್ಚುಕಡಿಮೆ ಒಂದೇ ಕಾಲದವರು. ಮೂವರೂ ಸ್ಪೇನ್ ದೇಶದವರು, ಮೂವರೂ ಯೇಸು ಸಭೆಯವರು.

1. ದ್ವಾರಪಾಲಕ ಸಂತ ಅಲ್ಫೋನ್ಸ್ ರೊಡ್ರಿಗೆಸ್ (1532–1617): ಸೆಗೋವಿಯಾದ ಬಟ್ಟೆ ವ್ಯಾಪಾರಿಯ ಮಗ. ತಂದೆಯ ಮರಣದ ನಂತರ ವ್ಯಾಪಾರ ನೋಡಿಕೊಂಡು ಮದುವೆಯಾದರು. ಪತ್ನಿ, ಮಕ್ಕಳು, ತಾಯಿ ಒಬ್ಬೊಬ್ಬರಾಗಿ ತೀರಿಹೋದರು. ಯೇಸು ಸಭೆ ಸೇರಲು ಬಂದಾಗ ವಿದ್ಯೆ ಸಾಲದು, ಆರೋಗ್ಯ ಸಾಲದು ಎಂದು ಮೊದಲು ನಿರಾಕರಿಸಲಾಯಿತು. 1571ರಲ್ಲಿ ಸಹೋದರರಾಗಿ ಸ್ವೀಕರಿಸಲ್ಪಟ್ಟು ಮಯೋರ್ಕಾ ದ್ವೀಪದ ಕಾಲೇಜಿಗೆ ಹೋದ ಅವರು ಕೊನೆಯ ತನಕ ಅಲ್ಲಿಯೇ ಇದ್ದರು. ದೀರ್ಘ ಕಾಲ ಅವರಿಗಿದ್ದ ಕೆಲಸ ಬಾಗಿಲು ಕಾಯುವುದು. ಗಂಟೆ ಬಾರಿಸಿದಾಗಲೆಲ್ಲ ಹೊರಗೆ ನಿಂತಿರುವವರು ಪ್ರಭುವೇ ಎಂದು ಭಾವಿಸಿ ಅವರು ಬಾಗಿಲು ತೆರೆಯುತ್ತಿದ್ದರು. ಅಲ್ಲಿ ಓದುತ್ತಿದ್ದ ಯುವಕ ಪೀಟರ್ ಕ್ಲೇವರ್ ಅಮೆರಿಕಕ್ಕೆ ಹೋಗಿ ಸೇವೆ ಮಾಡಲು ಪ್ರೇರಣೆ ನೀಡಿದವರು ಈ ದ್ವಾರಪಾಲಕರೇ. ಮುಂದೆ ಕ್ಲೇವರ್ ಕಾರ್ಟಜೀನಾ ಬಂದರಿನಲ್ಲಿ ಆಫ್ರಿಕದ ಗುಲಾಮರ ಸೇವಕರಾದರು. ಗುರು-ಶಿಷ್ಯರಿಬ್ಬರನ್ನೂ ಪೋಪ್ 13ನೇ ಲಿಯೊ 1888ರಲ್ಲಿ ಒಂದೇ ದಿನ ಸಂತರೆಂದು ಘೋಷಿಸಿದರು.

2. ರಕ್ತಸಾಕ್ಷಿ ಸಂತ ಅಲ್ಫೋನ್ಸ್ ರೊಡ್ರಿಗೆಸ್ (1598–1628): ಝಮೋರಾದವರು. ದಕ್ಷಿಣ ಅಮೆರಿಕದ ಗ್ವಾರಾನಿ ಜನರ ನಡುವೆ ಕೆಲಸ ಮಾಡಿದ ಧರ್ಮಗುರು. ಇಂದಿನ ಬ್ರೆಜಿಲ್‌ಗೆ ಸೇರಿದ ಕಾರೊ ಎಂಬಲ್ಲಿ 1628 ನವೆಂಬರ್ 15ರಂದು ಸಂತ ರೋಕ್ ಗೊನ್ಸಾಲೆಸ್ ಗಂಟೆ ಕಟ್ಟುತ್ತಿದ್ದಾಗ ಅವರನ್ನು ಕೊಲ್ಲಲಾಯಿತು. ಸದ್ದು ಕೇಳಿ ಹೊರಬಂದ ಅಲ್ಫೋನ್ಸರೂ ಬಲಿಯಾದರು. 1988ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಪರಾಗ್ವೆಯಲ್ಲಿ ಇವರನ್ನು ಸಂತ ಪದವಿಗೇರಿಸಿದರು.

3. ಗ್ರಂಥಕರ್ತ ಅಲ್ಫೋನ್ಸ್ ರೊಡ್ರಿಗೆಸ್ (ನಿಧನ 1616): ವಲ್ಲಾಡೊಲಿಡ್‌ನವರು. ಕ್ರೈಸ್ತ ಪರಿಪೂರ್ಣತೆಯ ಅಭ್ಯಾಸದ ಕುರಿತು ಇವರು ಬರೆದ ಗ್ರಂಥ 1609ರಲ್ಲಿ ಪ್ರಕಟವಾಯಿತು. ಧಾರ್ಮಿಕ ಮಠಗಳಲ್ಲಿ ಶತಮಾನಗಳ ಕಾಲ ಅದನ್ನು ಓದಲಾಯಿತು. ಇವರು ಸಂತ ಪದವಿಗೇರಿದವರಲ್ಲ. ದ್ವಾರಪಾಲಕ ಸಂತರ ಬರಹಗಳೂ ಇರುವುದರಿಂದ ಇವರಿಬ್ಬರನ್ನು ಒಬ್ಬರೆಂದು ತಿಳಿಯುವುದುಂಟು.

ಪೋರ್ಚುಗಲ್‌ನ ಇಬ್ಬರು

ಸಿಮಾವೊ ರೊಡ್ರಿಗಸ್ (1510–1579) ಸಂತ ಇಗ್ನೇಷಿಯಸ್‌ರ ಮೊದಲ ಸಂಗಾತಿಗಳಲ್ಲಿ ಒಬ್ಬರು. ಭಾರತಕ್ಕೆ ಬರಲು ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರೊಂದಿಗೆ ಲಿಸ್ಬನ್‌ಗೆ ಬಂದಿದ್ದರು. ಆದರೆ ಅರಸ ಮೂರನೇ ಜಾನ್ ಅವರನ್ನು ಪೋರ್ಚುಗಲ್‌ನಲ್ಲೇ ಉಳಿಸಿಕೊಂಡರು. ಕ್ಸೇವಿಯರ್ 1542ರಲ್ಲಿ ಗೋವೆ ತಲುಪಿದರು.

ಜುವಾವೊ ರೊಡ್ರಿಗಸ್ ಬಾಲಕನಾಗಿದ್ದಾಗಲೇ ಜಪಾನ್‌ಗೆ ಹೋಗಿ ಅಲ್ಲಿನ ಆಳುವವರಿಗೆ ದುಭಾಷಿಯಾದವರು. 1604–1608ರಲ್ಲಿ ನಾಗಸಾಕಿಯಲ್ಲಿ ಮುದ್ರಣವಾದ ಇವರ ಜಪಾನಿ ವ್ಯಾಕರಣ ಭಾಷಾ ಅಧ್ಯಯನಕ್ಕೆ ಇಂದಿಗೂ ಆಧಾರವಾಗಿದೆ.

ಇತ್ತೀಚಿನ ಕಾಲದವರು

ಪುನೀತ ಕಾರ್ಲೊಸ್ ಮಾನುಯೆಲ್ ರೊಡ್ರಿಗೆಸ್ (1918–1963): ಪೋರ್ಟೊರಿಕೊದ ಶ್ರೀಸಾಮಾನ್ಯ, ಕಚೇರಿ ಗುಮಾಸ್ತ. ಕರುಳಿನ ಕಾಯಿಲೆಯಿಂದ ಕಾಲೇಜು ಶಿಕ್ಷಣ ಪೂರ್ತಿಯಾಗಲಿಲ್ಲ. ಧರ್ಮವಿಧಿಯ ಕುರಿತ ಲೇಖನಗಳನ್ನು ಸ್ಪ್ಯಾನಿಷ್‌ಗೆ ತಂದು ಹಂಚಿದರು. ಪಾಸ್ಖ ಜಾಗರಣೆಯ ಮಹತ್ವವನ್ನು ಜನರಿಗೆ ತಿಳಿಸಲು ಶ್ರಮಿಸಿದರು. 2001 ಏಪ್ರಿಲ್ 29ರಂದು ಪುನೀತರೆಂದು ಘೋಷಿತರಾದರು. ಪೋರ್ಟೊರಿಕೊದಿಂದ ಈ ಗೌರವ ಪಡೆದ ಮೊದಲಿಗರು.

ಕಾರ್ಡಿನಲ್ ಆಸ್ಕರ್ ಆಂಡ್ರೆಸ್ ರೊಡ್ರಿಗೆಸ್ ಮರಾದಿಯಾಗಾ (ಜನನ 1942): ಹೊಂಡುರಾಸ್‌ನ ಸಲೇಸಿಯನ್. 1993ರಿಂದ 2023ರವರೆಗೆ ತೆಗುಸಿಗಾಲ್ಪದ ಮಹಾಧರ್ಮಾಧ್ಯಕ್ಷರು, 2007ರಿಂದ 2015ರವರೆಗೆ ಅಂತರರಾಷ್ಟ್ರೀಯ ಕಾರಿತಾಸ್‌ನ ಅಧ್ಯಕ್ಷರು. 'ಕಾರ್ಡಿನಲ್ ಮರಾದಿಯಾಗಾ' ಎಂದೇ ಪರಿಚಿತರಾದರೂ ಸ್ಪ್ಯಾನಿಷ್ ಪದ್ಧತಿಯಂತೆ ಮೊದಲು ಬರುವುದು ತಂದೆಯ ಉಪನಾಮ, ನಂತರದ್ದು ತಾಯಿಯದು. ಆದ್ದರಿಂದ ಇವರೂ ರೊಡ್ರಿಗೆಸರೇ.

ಕ್ರೀಡೆಯಲ್ಲಿ, 2014ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಆರು ಗೋಲು ಹೊಡೆದು ಚಿನ್ನದ ಬೂಟು ಗೆದ್ದ ಕೊಲಂಬಿಯಾದ ಹಾಮೆಸ್ ರೊಡ್ರಿಗೆಸ್ ಪ್ರಸಿದ್ಧರು. ನಮ್ಮ ದೇಶದಲ್ಲಿ, 2025ರ ಮಹಿಳಾ ವಿಶ್ವಕಪ್ ಕ್ರಿಕೆಟ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಔಟಾಗದೆ 127 ರನ್ ಗಳಿಸಿದ ಜೆಮಿಮಾ ರೊಡ್ರಿಗಸ್ ಅವರ ಹೆಸರು ಎಲ್ಲರಿಗೂ ತಿಳಿದಿದೆ. ಡಾ. ಬಿ. ಆರ್. ಅಂಬೇಡ್ಕರ್ ಅವರ ಆಯ್ದ ಬರಹಗಳನ್ನು ಸಂಪಾದಿಸಿದ ರಾಜ್ಯಶಾಸ್ತ್ರಜ್ಞ ವಲೇರಿಯನ್ ರೊಡ್ರಿಗಸ್ ನಮ್ಮ ಕರಾವಳಿಯವರು.

ಗಮನಿಸಬೇಕಾದುದು

ಸಂತ ಅಲ್ಫೋನ್ಸ್ ರೊಡ್ರಿಗೆಸ್ ಎಂದು ಬರೆಯುವಾಗ 'ದ್ವಾರಪಾಲಕ' ಅಥವಾ 'ರಕ್ತಸಾಕ್ಷಿ' ಎಂದೂ, ಮರಣದ ವರ್ಷವನ್ನೂ ಸೇರಿಸಿದರೆ ತಪ್ಪಾಗದು. ದ್ವಾರಪಾಲಕರ ಸ್ಮರಣೆ ಅಕ್ಟೋಬರ್ ಕೊನೆಯಲ್ಲಿ, ರಕ್ತಸಾಕ್ಷಿಯದು ನವೆಂಬರ್ ಮಧ್ಯದಲ್ಲಿ ಬರುತ್ತದೆ. ಆಗಸ್ಟ್ 1ರಂದು ಸ್ಮರಿಸಲಾಗುವ ಸಂತ ಅಲ್ಫೋನ್ಸ್ ಲಿಗೋರಿ ಇಟಲಿಯವರು, ಬೇರೆಯೇ ವ್ಯಕ್ತಿ.

ಈ ಹೆಸರು ಹೊತ್ತವರಲ್ಲಿ ಒಬ್ಬರು ಬಾಗಿಲು ತೆರೆದರು, ಒಬ್ಬರು ಭಾಷಾಂತರ ಮಾಡಿದರು, ಒಬ್ಬರು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಮ್ಮ ಚರ್ಚುಗಳ ಕಚೇರಿಯಲ್ಲಿ, ಗೇಟಿನಲ್ಲಿ, ಸಕ್ರಿಸ್ತಿಯಲ್ಲಿ ದುಡಿಯುವವರಿಗೆ, ಅವರ ಉಪನಾಮ ಯಾವುದೇ ಇರಲಿ, ಇವರು ಹತ್ತಿರದ ಬಂಧುಗಳೇ.