ಆಸ್ಪತ್ರೆಗೆ ಒಯ್ದವರನ್ನು ಮತ್ತೆ ನೋಡಬಹುದೇ?

1896ರ ಅಕ್ಟೋಬರ್ 6ರಂದು ಮುಂಬಯಿಯ ಮುನಿಸಿಪಲ್ ಕಮಿಷನರ್ ಸ್ನೋ ಒಂದು ಪ್ರಕಟಣೆ ಹೊರಡಿಸಿದರು. ಮಾಂಡ್ವಿಯಲ್ಲಿ ಕಾಣಿಸಿಕೊಂಡ ಜ್ವರ ಪ್ಲೇಗೇ ಎಂದು ಡಾಕ್ಟರ್ ವೀಗಸ್ ಹೇಳಿ ಆಗಿನ್ನೂ ಕೆಲವೇ ದಿನಗಳಾಗಿದ್ದವು. ಪ್ರಕಟಣೆಯಲ್ಲಿ ಗೊಂದಲವೇನೂ ಇರಲಿಲ್ಲ: ರೋಗಿಯನ್ನು ಬೇಕಾದರೆ ಬಲವಂತವಾಗಿಯೇ ಆಸ್ಪತ್ರೆಗೆ ಒಯ್ಯಬಹುದು.

ಇಂಥ ಸೂಚನೆಗಳು ಸೋತಾಗ ನಾವು ಭಾಷೆಯನ್ನೋ ಜನರ ಅಜ್ಞಾನವನ್ನೋ ದೂರುತ್ತೇವೆ. ಮುಂಬಯಿಯಲ್ಲಿ ಆಜ್ಞೆ ಜನರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅವರಿಗೆ ಬೇಕಿದ್ದ ಉತ್ತರ ಬೇರೆಯದು. ಒಯ್ದವರನ್ನು ಮತ್ತೆ ನೋಡಲು ಬಿಡುತ್ತೀರಾ? ಅಲ್ಲಿ ಅವರಿಗೆ ಅನ್ನ ನೀರು ಕೊಡುವವರು ಯಾರು? ಸರ್ಕಾರ ಇದಕ್ಕೆ ಬಾಯಿ ಬಿಡಲಿಲ್ಲ, ಗಾಳಿಮಾತು ಬಿಟ್ಟಿತು. ಅದೇ ತಿಂಗಳು ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಯಾರೋ ಡಾಂಬರು ಬಳಿದಿದ್ದರು; ಅವಳ ಸಿಟ್ಟು ತಣಿಸಲು ರೋಗಿಗಳ ಅಂಗಾಂಗ ಕೀಳುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಸುದ್ದಿ ಸುಳ್ಳು, ಆದರೆ ಅದರ ಹಿಂದಿದ್ದ ಪ್ರಶ್ನೆ ಸುಳ್ಳಾಗಿರಲಿಲ್ಲ.

ಅಕ್ಟೋಬರ್ 29ರಂದು ಸುಮಾರು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದರು. ಆಮೇಲಷ್ಟೇ ಆಡಳಿತ ಬಿಗಿ ಸಡಿಲಿಸಿತು. ಮುಂದೆ ಒಂದೊಂದು ಸಮುದಾಯವೂ ತನ್ನದೇ ಆಸ್ಪತ್ರೆ ತೆರೆಯಲು ಅವಕಾಶವಾಯಿತು. ನನ್ನ ಮಟ್ಟಿಗೆ ಆ ಆಸ್ಪತ್ರೆಗಳೇ ಆ ಕಾಲದ ಅತ್ಯುತ್ತಮ ಪ್ರಕಟಣೆ.

ಪುಣೆ ಈ ಪಾಠ ಕಲಿಯಲಿಲ್ಲ. ಮನೆಮನೆ ತಪಾಸಣೆಗೆ ಸೋಲ್ಜರುಗಳನ್ನು ಇಳಿಸಲಾಯಿತು. 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಮುಂದಿನದು ಎಲ್ಲರಿಗೂ ಗೊತ್ತು.

ಚುಚ್ಚುಮದ್ದಿನ ಕಥೆ ಬೇರೆ. 1897ರ ಜನವರಿಯಲ್ಲಿ ಹಾಫ್‌ಕಿನ್ ಅದನ್ನು ಮೊದಲು ತಮಗೇ ಚುಚ್ಚಿಕೊಂಡರು. ಇಸ್ಮಾಯಿಲಿ ಖೋಜಾಗಳ ಗುರು, ಇನ್ನೂ ಇಪ್ಪತ್ತರ ಆಸುಪಾಸಿನ ಆಗಾ ಖಾನ್, ಅನುಯಾಯಿಗಳ ಕಣ್ಣೆದುರೇ ಹಾಕಿಸಿಕೊಂಡರು. ಆ ಸುದ್ದಿ ಹಬ್ಬುವಂತೆಯೂ ನೋಡಿಕೊಂಡರು. ಮರುವರ್ಷ, ಮುಂಬಯಿ ಪ್ರಾಂತ್ಯದಲ್ಲೇ ಇದ್ದ ನಮ್ಮ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ ಕೈಯಲ್ಲಿ ಊರಿನ ಬಹುಪಾಲು ಜನ ಚುಚ್ಚಿಸಿಕೊಂಡರು. ಇದು ಬರೀ ನಂಬಿಕೆಯಿಂದ ಆದದ್ದೆಂದು ಹೇಳಲಾರೆ. ಹಾಕಿಸಿಕೊಂಡವರಿಗೆ ಪ್ಲೇಗ್ ನಿಯಮಗಳಲ್ಲಿ ರಿಯಾಯಿತಿ ಇತ್ತು. ಪಕ್ಕದ ಮನೆಯವರು ಬದುಕುಳಿದದ್ದೂ ಕಣ್ಣಿಗೆ ಕಾಣುತ್ತಿತ್ತು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಒಂದೇ ಬಾಟಲಿಯ ಮದ್ದು ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಸರ್ಕಾರ ತಪ್ಪನ್ನು ಹಾಫ್‌ಕಿನ್ ಪ್ರಯೋಗಾಲಯದ ಮೇಲೆ ಹೊರಿಸಿತು. ಅವರು ನಿರ್ದೋಷಿ ಎಂದು ಒಪ್ಪಿಕೊಂಡದ್ದು 1907ರಲ್ಲಿ. ಅಷ್ಟು ಹೊತ್ತಿಗೆ ಪಂಜಾಬಿನಲ್ಲಿ ಪ್ಲೇಗ್ ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಿತ್ತು.